ಬೇಕೆಂದೇ ಎಸೆದ ಚೆಂಡು

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಎಸೆಯುವವನು ಬೇಕೆಂದೇ ಬ್ಯಾಟು ಹಿಡಿದವನ ಮೈಗೆ ಹೊಡೆದರೆ ಅಂಪೈರು ಟೋಪಿ ತೆಗೆದು, ಮೈದಾನಕ್ಕೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ ಎಂದು ನನ್ನ ಸೋದರಮಾವ ಹೇಳುತ್ತಿದ್ದರು. ಪೆಟ್ಟು ತಿಂದವನು ಹೋಗಿ ಎಸೆದವನಿಗೆ ಎರಡು ಬಿಗಿದು ಬರುವವರೆಗೂ ಅವನು ತಿರುಗಿ ನೋಡುವುದಿಲ್ಲವಂತೆ. ಆಮೇಲೆ ಟೋಪಿ ಹಾಕಿಕೊಂಡನೆಂದರೆ ಜಗಳ ಮುಗಿಯಿತು, ಆಟ ಮುಂದುವರಿಯಿತು. ಮೈಸೂರಿನ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು ಇದನ್ನು ಕೇಳಿದಾಗಲೇ ನನಗೆ ಏನೋ ಸರಿಯಿಲ್ಲವೆನ್ನಿಸಿತ್ತು.

"ಮಾವ, ನೀವು ನೋಡಿದ್ದೀರಾ?" ಎಂದು ಕೇಳಿದ್ದೆ.

"ನೋಡೋದೇನು ಬಂತು, ಎಲ್ಲರಿಗೂ ಗೊತ್ತಿರೋ ವಿಷಯ," ಎಂದಿದ್ದರು. ಆ ಎಲ್ಲರೂ ಯಾರೆಂಬುದು ನನಗೆ ಇಂದಿಗೂ ತಿಳಿದಿಲ್ಲ.

ಮುಂದೊಂದು ದಿನ ನಾನೇ ಅಂಪೈರಾಗಿ ನಿಲ್ಲಬೇಕಾಗಿ ಬಂದಾಗ ನಿಯಮಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಟೋಪಿ ತೆಗೆಯುವ ವಿಚಾರ ಅದರಲ್ಲಿಲ್ಲ. ಬೆನ್ನು ತಿರುಗಿಸುವ ವಿಚಾರವೂ ಇಲ್ಲ. ನಮ್ಮವರ ಆಟ ನೋಡನೋಡುತ್ತ, ಆ ಸೌಲಭ್ಯ ಇರಬೇಕಾಗಿತ್ತೆಂದು ನನಗೆ ಎಷ್ಟೋ ಶನಿವಾರ ಅನ್ನಿಸಿದೆ. ಏಕೆಂದರೆ ನಾನು ಹೇಳಲಿರುವಂಥ ಪ್ರಸಂಗಗಳು ನಮ್ಮಲ್ಲಿ ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತವೆ.

ನಾವಿರುವುದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಸೋಂಕಿನ ಕಾಲದಲ್ಲಿ ಮನೆಯೊಳಗೇ ಕುಳಿತು ಲ್ಯಾಪ್‌ಟಾಪಿನ ಮುಂದೆ ಗೂನಾದ ನಮ್ಮ ಕನ್ನಡದ ಗಂಡಸರು, ಹೊರಗೆ ಬಿಟ್ಟಕೂಡಲೇ ಕ್ರಿಕೆಟ್ ಆಡಲು ಮೈದಾನ ಹುಡುಕಿದರು. ಕ್ರಿಕೆಟ್ ಮೈದಾನಕ್ಕೆ ಕಾಯುವವರ ಸಾಲು ದೊಡ್ಡದಿತ್ತು. ಹತ್ತಿರದ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಖಾಲಿಯಿದ್ದದ್ದು ಒಂದು ಬೇಸ್‌ಬಾಲ್ ಮೈದಾನ ಮಾತ್ರ. ಅಲ್ಲಿ ಬೇಸ್‌ಬಾಲ್ ಬಿಟ್ಟು ಬೇರೇನನ್ನೂ ಆಡುವಂತಿಲ್ಲ. "ಅದಕ್ಕೇನು, ಬ್ಯಾಟು, ಬಾಲು ಎರಡೂ ಇರುತ್ತಲ್ಲ," ಎಂದು ಇವರು ಎರಡು ತಂಡ ಕಟ್ಟಿಯೇಬಿಟ್ಟರು. ಪರ್ಮಿಟ್ಟಿನ ಷರತ್ತುಗಳನ್ನು ಪೂರ್ತಿ ಓದಿದವಳು ನಾನೊಬ್ಬಳೇ ಆದ್ದರಿಂದ ಪರ್ಮಿಟ್ಟು ನನ್ನ ಹೆಸರಿಗೆ ಬಂತು. ನಿಯಮಪುಸ್ತಕ ಓದಿದವಳೂ ನಾನೊಬ್ಬಳೇ ಆದ್ದರಿಂದ ಅಂಪೈರ್ ಪಟ್ಟವೂ ನನಗೇ ಬಂತು. ನನ್ನ ಗಂಡ ಒಂದು ತಂಡದ ಕ್ಯಾಚರ್. ಅಂದರೆ ಬ್ಯಾಟು ಹಿಡಿದವರ ಹಿಂದೆ ಅವರು ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುತ್ತಾರೆ. ಅವರ ಹಿಂದೆ ನಾನು ನಿಂತಿರುತ್ತೇನೆ. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಅವರು ನನ್ನ ತೀರ್ಪನ್ನು ಎದುರು ಮಾತಿಲ್ಲದೆ ಕೇಳುವುದು ಆ ಜಾಗದಲ್ಲಿ ಮಾತ್ರ.

೧. ಅಪೀಲು

ಗಂಡನ ತಂಡವೆಂದ ಮೇಲೆ ನಮ್ಮ ತಂಡ. ಅದರ ಪಿಚರ್, ಅಂದರೆ ಚೆಂಡು ಎಸೆಯುವವರು, ಮೈಸೂರಿನವರು. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಬಹಳ ಸಜ್ಜನರು, ಬಾಗಿಲು ತೆಗೆದುಕೊಟ್ಟ ಯಂತ್ರಕ್ಕೂ ಥ್ಯಾಂಕ್ಸ್ ಹೇಳುವಂಥವರು. ಅವರ ಗುರಿ ಮಾತ್ರ ಅವರ ಮಾತು ಕೇಳುವುದಿಲ್ಲ. ಕ್ಯಾಚರ್‌ನ ಗ್ಲೌಸಿಗೆಂದು ಎಸೆದ ಚೆಂಡು ಬ್ಯಾಟರ್‌ನ ಮೈಯನ್ನೇ ಹುಡುಕಿಕೊಂಡು ಹೋಗುತ್ತದೆ. ಬೇಸ್‌ಬಾಲಿನಲ್ಲಿ ಹಾಗೆ ತಾಗಿದರೆ ಬ್ಯಾಟರ್ ಪುಕ್ಕಟೆಯಾಗಿ ಮೊದಲನೆಯ ಬೇಸಿಗೆ, ಅಂದರೆ ಓಟದ ಮೊದಲ ನಿಲ್ದಾಣಕ್ಕೆ, ನಡೆದುಹೋಗಬಹುದು.

ಮೊದಲ ಶನಿವಾರವೇ ಅವರ ಚೆಂಡು ಎದುರು ತಂಡದ ಕ್ಯಾಪ್ಟನ್ನರ ಮೊಣಕಾಲಿಗೆ ಬಡಿಯಿತು. ನಾನು "ಫಸ್ಟ್ ಬೇಸ್" ಎನ್ನಲು ಕೈಯೆತ್ತುವುದರೊಳಗೆ ನಮ್ಮ ತಂಡದವರೆಲ್ಲ ಎರಡೂ ಕೈ ಮೇಲೆತ್ತಿ, ನನ್ನ ಕಡೆ ತಿರುಗಿ, "ಹೌಜಾಟ್!" ಎಂದು ಕಿರುಚಿದರು. ನನ್ನ ಗಂಡನೂ ಕುಳಿತಲ್ಲಿಂದ ಹಾರಿ ಕಿರುಚಿದರು. ಇದರಲ್ಲಿ ನನಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು ಕ್ಯಾಪ್ಟನ್ನರಿಂದ. ಅವರು ಮುಖ ಬಿಳಿಚಿಕೊಂಡು ನನ್ನ ಬೆರಳನ್ನೇ ನೋಡುತ್ತಿದ್ದರು.

"ಮೇಡಂ, ಲೆಗ್ ಸ್ಟಂಪ್ ಮಿಸ್ ಆಗ್ತಿತ್ತು ಅಲ್ವಾ?"

"ಇಲ್ಲಿ ಸ್ಟಂಪೇ ಇಲ್ಲ," ಎಂದೆ.

ಅದು ಅವರಿಗೆ ಅರ್ಥವಾಗುತ್ತಿದ್ದಂತೆ ಧೈರ್ಯ ಬಂತು. ಧೈರ್ಯದ ಹಿಂದೆಯೇ ಕೋಪ ಬಂತು. "ಬೇಕಂತಲೇ ಹೊಡೆದ!" ಎಂದು ಕೂಗಿದರು. "ಸಾರಿ ಸಾರ್, ನಾನು ಆ ಕಡೆ ಹಾಕಿದ್ದು," ಎಂದು ನಮ್ಮ ಪಿಚರ್ ಆಕಾಶದ ಯಾವುದೋ ಮೂಲೆ ತೋರಿಸಿದರು. ಎರಡೂ ಕಡೆಯವರು ಓಡಿಬಂದು ಎದೆಗೆ ಎದೆ ಕೊಟ್ಟು ತಳ್ಳಾಡಿದರು. ನಾಯಿ ಅಡ್ಡಾಡಿಸುತ್ತಿದ್ದ ಒಬ್ಬ ಹೆಂಗಸು ಫೋನು ಮಾಡಿದರು. ಪಾರ್ಕಿನ ಅಧಿಕಾರಿ ಗಾಲ್ಫ್ ಗಾಡಿಯಲ್ಲಿ ಬಂದಿಳಿದರು. ಎತ್ತರದ ಹೆಂಗಸು, ನಿಧಾನವಾದ ಮಾತು. ಪರ್ಮಿಟ್ಟಿನಲ್ಲಿರುವ ಹೆಸರು ಯಾರದೆಂದು ಕೇಳಿ, ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಜಗಳವಾದರೆ ಶನಿವಾರದ ಮೈದಾನ ನಿಮಗಿಲ್ಲ, ಮುಂದಿನ ವರ್ಷವೂ ಇಲ್ಲ ಎಂದರು. ನಾನು ಜವಾಬ್ದಾರಿ ಹೊತ್ತೆ. ಹೊರಡುವಾಗ ಅವರು ಮರುಕದಿಂದ ಕೇಳಿದರು:

"ಇವರ ನಡುವೆ ಹಳೆಯ ದ್ವೇಷವೇನಾದರೂ ಇದೆಯೇ?"

"ಇಲ್ಲ," ಎಂದೆ. "ಎರಡೂ ತಂಡದವರು ವ್ಯಾನು ಹಂಚಿಕೊಂಡು ಬಂದವರು."

೨. ಮೊಣಕೈ

ಮೈಗೆ ತಾಗಿದರೆ ಪುಕ್ಕಟೆ ಬೇಸು ಎಂಬುದು ತಿಳಿದ ಮೇಲೆ ಎದುರು ತಂಡದ ಒಬ್ಬರಿಗೆ ಬ್ಯಾಟು ಬೀಸುವ ಆಸಕ್ತಿಯೇ ಹೋಯಿತು. ನಮ್ಮ ಪಿಚರ್ ಎಸೆಯಲು ಕೈಯೆತ್ತಿದರೆ ಸಾಕು, ಇವರು ಮೊಣಕೈಯನ್ನು ಬಸ್ಸಿನ ಕಿಟಕಿಯಿಂದ ಹೊರಗಿಡುವಂತೆ ಪ್ಲೇಟಿನ, ಅಂದರೆ ಚೆಂಡು ಹಾದುಬರಬೇಕಾದ ನೆಲದ ಹಲಗೆಯ, ಕಡೆಗೆ ಚಾಚುತ್ತಿದ್ದರು. ಒಂದು ಚೆಂಡು ಅದಕ್ಕೆ ತಾಗಿಯೂ ತಾಗಿತು. ಇವರು ಬ್ಯಾಟು ಎಸೆದು ಮದುಮಗನಂತೆ ಮೊದಲ ಬೇಸಿನ ಕಡೆ ಹೊರಟರು.

ನಾನು ವಾಪಸು ಕರೆದೆ. ತಪ್ಪಿಸಿಕೊಳ್ಳಲು ಯತ್ನಿಸದವನಿಗೆ ಬೇಸು ಕೊಡುವಂತಿಲ್ಲವೆಂದು ನಿಯಮದಲ್ಲಿ ಸ್ಪಷ್ಟವಾಗಿದೆ.

"ಕ್ರಿಕೆಟ್‌ನಲ್ಲಿ ಮೈಮೇಲೆ ತಗೊಂಡ್ರೆ ಗಂಡೆದೆ ಅಂತಾರೆ. ನೀವು ಓಡಿಹೋಗು ಅಂತೀರಾ ಮೇಡಂ?"

ಮೆಟ್ಟಿಲ ಬೆಂಚಿನಿಂದ ಅವರ ಹೆಂಡತಿಯ ದನಿ ಬಂತು: "ಅಲ್ಲಾರೀ, ಪೆಟ್ಟೂ ತಿಂದು ಬೇಸೂ ಇಲ್ಲ ಅಂದ್ರೆ ಹೇಗೆ? ಒಂದಾದ್ರೂ ಕೊಡಿ!" ಪಕ್ಕದಲ್ಲಿದ್ದ ಮಗಳು ಫೋನಿನಿಂದ ತಲೆಯೆತ್ತದೆ, "ಅಪ್ಪಾ, ಜಸ್ಟ್ ಹಿಟ್ ದ ಬಾಲ್!" ಎಂದಳು. ಆ ಬೆಳಗಿನಲ್ಲಿ ಮೈದಾನದಲ್ಲಿ ಯಾರಾದರೂ ಆಡಿದ ಬುದ್ಧಿಯ ಮಾತು ಅದೊಂದೇ.

ಮುಂದಿನ ಚೆಂಡಿಗೆ ಅವರು ನಿಯಮವನ್ನು ಗೌರವಿಸಲು ನಿರ್ಧರಿಸಿದ್ದರು. ಚೆಂಡು ಇನ್ನೂ ಪಿಚರ್‌ನ ಕೈಯಲ್ಲಿರುವಾಗಲೇ ಹಿಂದಕ್ಕೆ ಹಾರಿ, ಕ್ಯಾರೊಲೈನಾದ ಕೆಂಪು ಮಣ್ಣಿನಲ್ಲಿ ಒಂದು ಸುತ್ತು ಉರುಳಿ, ಎದ್ದು ನಿಂತು, ಬಿಳಿ ಪ್ಯಾಂಟು ಕೊಡವದೆಯೇ ನನ್ನ ಕಡೆ ನೋಡಿದರು.

"ಈಗ ತಪ್ಪಿಸ್ಕೊಳ್ಳೋ ಪ್ರಯತ್ನ ಮಾಡಿದ್ದೀನಿ. ಬೇಸ್ ಕೊಡಿ."

"ಚೆಂಡು ತಾಗಲೇ ಇಲ್ಲವಲ್ಲ."

"ಪ್ರಯತ್ನಕ್ಕೆ ಮಾರ್ಕ್ಸ್ ಇಲ್ವಾ ಮೇಡಂ?"

೩. ಬರೆಯದ ನಿಯಮ

ಒಂದು ಸಂಜೆ ನನ್ನ ಗಂಡ ಗಂಭೀರವಾಗಿ ಅಡುಗೆಮನೆಗೆ ಬಂದರು. "ನೋಡೇ, ನೀನು ಓದಿರೋದು ಬರೆದಿರೋ ನಿಯಮ. ಬರೆಯದೇ ಇರೋ ನಿಯಮ ಬೇರೆ ಇದೆ. ನಮ್ಮ ಒಬ್ಬನಿಗೆ ಅವರು ಹೊಡೆದ್ರೆ, ಅವರ ಒಬ್ಬನಿಗೆ ನಾವು ಹೊಡೀಲೇಬೇಕು. ಅಂಪೈರ್‌ಗೂ ಅದು ಗೊತ್ತಿರುತ್ತೆ. ಮೊದಲನೇ ಸಲ ಕಂಡೂ ಕಾಣದ ಹಾಗೆ ಇರ್ತಾನೆ."

ಸೇಡಿನ ಪದ್ಧತಿ ಈ ಆಟದಲ್ಲಿ ಇದೆಯೆಂದು ನಾನೂ ಬಲ್ಲೆ. ಅಂಪೈರು ಕಂಡೂ ಕಾಣದ ಹಾಗಿರುತ್ತಾನೆ ಎಂಬ ಭಾಗದ ಮೇಲೆ ಮಾತ್ರ ನನಗೆ ಅನುಮಾನ.

"ನಿಮಗೆ ಯಾರು ಹೇಳಿದರು?"

"ಅಟ್ಲಾಂಟಾದ ಗೆಳೆಯ ಹೇಳಿದ. ಅವನು ಅಲ್ಲಿ ಎಷ್ಟೋ ಮ್ಯಾಚ್ ನೋಡಿದ್ದಾನೆ."

ಔಷಧ ಪರೀಕ್ಷೆಗಳ ದತ್ತಾಂಶ ಪರಿಶೀಲಿಸುವುದು ನನ್ನ ಉದ್ಯೋಗ. ಮೂಲ ಕೇಳದೆ ಒಂದು ಅಂಕಿಯನ್ನೂ ಒಳಗೆ ಬಿಟ್ಟುಕೊಳ್ಳುವವಳಲ್ಲ. ಆ ಭಾನುವಾರವೇ ಅಟ್ಲಾಂಟಾಕ್ಕೆ ಫೋನು ಮಾಡಿದೆ. ಗೆಳೆಯರು ಗಂಟೆಗಟ್ಟಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರಿಂದ ಮಾತಿಗೆ ಹಸಿದಿದ್ದರು. "ಹೌದು, ಹೌದು, ಅಂಪೈರ್‌ಗಳು ಮೊದಲನೇ ಸಲ ಬಿಟ್ಟುಬಿಡ್ತಾರೆ. ಗ್ಯಾರಂಟಿ," ಎಂದರು.

"ನೀವು ಯಾವ ಪಂದ್ಯದಲ್ಲಿ ನೋಡಿದ್ದು?"

"ನಾನು ನೋಡಿಲ್ಲ ಮೇಡಂ. ಹೋದ ಸಲ ನಮ್ಮನೆಗೆ ಊಟಕ್ಕೆ ಬಂದಾಗ ನಿಮ್ಮ ಯಜಮಾನರೇ ಹೇಳಿದ್ದು."

೪. ಒಪ್ಪಿಗೆ

ಮೂಲ ಸಿಗಲಿಲ್ಲವೆಂದು ನಂಬಿಕೆ ಕಡಿಮೆಯಾಗಲಿಲ್ಲ. ಜುಲೈನ ಒಂದು ಶನಿವಾರ ಎದುರು ತಂಡದ ಚೆಂಡು ನಮ್ಮ ಒಬ್ಬರ ಬೆನ್ನಿಗೆ ಬಿತ್ತು. ಕೈತಪ್ಪಿದ್ದೆಂದು ನನಗೆ ಕಂಡಿತು, ಆಟ ನಡೆಯಿತು. ನೀರು ಕುಡಿಯುವ ಬಿಡುವಿನಲ್ಲಿ ನೋಡಿದರೆ, ಓಕ್ ಮರದ ನೆರಳಿನಲ್ಲಿ ನನ್ನ ಗಂಡನೂ ಎದುರು ತಂಡದ ಕ್ಯಾಪ್ಟನ್ನರೂ ಐಸ್ ಡಬ್ಬಿಯ ಮೇಲೆ ಕುಳಿತು, ಹೆಣ್ಣು ನೋಡಲು ಬಂದ ಕಡೆಯವರಂತೆ ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದರು. ಇನ್ನೊಂದು ಜಗಳವಾದರೆ ಮೈದಾನ ಹೋಗುತ್ತದೆಂಬ ಭಯ ಅವರಿಗೂ ಇತ್ತು. ಅದಕ್ಕೆ ಅವರು ಕಂಡುಕೊಂಡ ಉಪಾಯವೆಂದರೆ, ಯಾರಿಗೆ ಹೊಡೆಯುವುದೆಂದು ಮೊದಲೇ ಮಾತಾಡಿಕೊಳ್ಳುವುದು.

"ನಿಮ್ಮ ಥರ್ಡ್ ಬೇಸ್‌ನವನಿಗೆ ಹೊಡೆಯೋಣ್ವಾ?" ಎಂದರು ನನ್ನ ಗಂಡ.

"ಬೇಡಪ್ಪ. ಸೋಮವಾರ ವೀಸಾ ಸ್ಟ್ಯಾಂಪಿಂಗ್‌ಗೆ ಇಂಡಿಯಾಗೆ ಹೊರಟಿದ್ದಾನೆ. ಅಷ್ಟು ಹೊತ್ತು ವಿಮಾನದಲ್ಲಿ ಕೂತ್ಕೋಬೇಕು, ಪಾಪ."

"ಆ ಎಡಗೈಯವನು?"

"ಹೊಸ ಕೆಲಸ ಸೇರಿದ್ದಾನೆ, ಇನ್ಶೂರೆನ್ಸ್ ಇನ್ನೂ ಶುರುವಾಗಿಲ್ಲ. ಮುಂದಿನ ತಿಂಗಳು ಹೊಡ್ಕೊಳ್ಳಿ, ಬೇಡ ಅನ್ನಲ್ಲ."

"ಹಾಗಾದ್ರೆ ನೀನೇ ನಿಂತ್ಕೋ."

"ನಾನಾ? ಮನೇಲಿ ಅತ್ತೆ ಮಾವ ಬಂದಿದ್ದಾರೆ ಮಾರಾಯ. ಕುಂಟ್ಕೊಂಡು ಹೋದ್ರೆ ನಾಳೆಯಿಂದ ಆಟಕ್ಕೇ ಕಳಿಸಲ್ಲ."

ನಾನು ಹತ್ತಿರ ಹೋಗಿ ನಿಂತೆ. "ಬೇಕೆಂದು ಹೊಡೆದವರನ್ನು ಆಟದಿಂದ ಹೊರಗೆ ಕಳಿಸುತ್ತೇನೆ. ಇಬ್ಬರಿಗೂ ಈಗಲೇ ಹೇಳಿದ್ದೇನೆ."

ಕ್ಯಾಪ್ಟನ್ನರು ತೀರ್ಪು ಕೇಳುವಾಗ ನನ್ನನ್ನು ಮೇಡಂ ಎನ್ನುತ್ತಾರೆ. ಉಪಕಾರ ಬೇಕಾದಾಗ ಅತ್ತಿಗೆ ಎನ್ನುತ್ತಾರೆ. "ಅತ್ತಿಗೆ, ಇದರಲ್ಲಿ ಎರಡೂ ಕಡೆಯ ಒಪ್ಪಿಗೆ ಇದೆ. ನಿಮ್ಮ ಆಫೀಸಲ್ಲೂ ಅಷ್ಟೇ ತಾನೆ? ಪೇಷಂಟ್ ಕನ್ಸೆಂಟ್ ಕೊಟ್ರೆ ಇಂಜೆಕ್ಷನ್ ಚುಚ್ತೀರಲ್ಲ?"

"ಅಲ್ಲಿ ಪೇಷಂಟು ಸಹಿ ಹಾಕಿರುತ್ತಾನೆ," ಎಂದೆ. "ನಿಮಗೆ ಇನ್ನೂ ಪೇಷಂಟೇ ಸಿಕ್ಕಿಲ್ಲ."

೫. ಮುನ್ಸೂಚನೆ

ಆ ವರ್ಷದ ಕೊನೆಯ ಶನಿವಾರ ಪಾರ್ಕಿನ ಅಧಿಕಾರಿ ತಾವಾಗಿಯೇ ಬಂದರು. ಮುಂದಿನ ವರ್ಷದ ಪರ್ಮಿಟ್ಟು ಕೊಡುವ ಮೊದಲು ಒಂದು ಪಂದ್ಯ ನೋಡಬೇಕೆಂದು ತಂತಿಬೇಲಿಯ ಹಿಂದೆ ಗಾಡಿ ನಿಲ್ಲಿಸಿ ಕುಳಿತರು. "ಇವತ್ತೊಂದು ದಿನ ಮನುಷ್ಯರ ಹಾಗೆ ಆಡಿ," ಎಂದು ಎರಡೂ ತಂಡಗಳಿಗೆ ಬೇಡಿಕೊಂಡೆ. ಎಲ್ಲರೂ ತಲೆಯಾಡಿಸಿದರು.

ಬೇಸ್‌ಬಾಲಿನಲ್ಲಿ ಒಂಬತ್ತು ಇನ್ನಿಂಗ್ಸು. ಎರಡನೆಯದರಲ್ಲೇ ಕ್ಯಾಪ್ಟನ್ನರು ಎಸೆದ ಚೆಂಡು ನನ್ನ ಗಂಡನ ತೊಡೆಗೆ ಬಿತ್ತು.

"ನೋವಾಯಿತೇ?" ಎಂದು ಬಗ್ಗಿ ಕೇಳಿದೆ.

"ಕೇಳ್ತಿರೋದು ಅಂಪೈರೋ ಹೆಂಡ್ತಿಯೋ?"

"ಅಂಪೈರು."

"ಹಾಗಾದ್ರೆ ಇಲ್ಲ," ಎಂದು ಹಲ್ಲು ಕಚ್ಚಿಕೊಂಡು ಮೊದಲ ಬೇಸಿಗೆ ಕುಂಟಿದರು.

ಅಷ್ಟು ಸಾಕಾಯಿತು. ಬರೆಯದ ನಿಯಮ ಜಾರಿಗೆ ಬಂತು. ಮುಂದಿನ ಸರದಿಯಲ್ಲಿ ಕ್ಯಾಪ್ಟನ್ನರು ಬ್ಯಾಟು ಹಿಡಿದು ಬರುತ್ತಿದ್ದಂತೆ ನಮ್ಮ ತಂಡದವರೆಲ್ಲ ನಮ್ಮ ಪಿಚರ್‌ನ ಕಡೆ ಅರ್ಥಗರ್ಭಿತವಾಗಿ ನೋಡಿದರು. ಆ ಸಜ್ಜನರು ಚೆಂಡು ಹಿಡಿದುಕೊಂಡೇ ತಾವು ನಿಂತು ಎಸೆಯುವ ದಿಬ್ಬದಿಂದ ಇಳಿದು, ಅರ್ಧ ದಾರಿ ಬಂದು, ಗಂಟಲು ಸರಿಪಡಿಸಿಕೊಂಡರು.

"ಸಾರ್, ಒಂದು ನಿಮಿಷ. ಈಗ ನಿಮಗೆ ಹೊಡೀಬೇಕು ಅಂತ ಟೀಮ್ ಡಿಸೈಡ್ ಮಾಡಿದೆ. ದಯವಿಟ್ಟು ಪರ್ಸನಲ್ ಆಗಿ ತಗೋಬೇಡಿ."

"ನಾನು ಇಲ್ಲೇ ನಿಂತಿದ್ದೇನೆ," ಎಂದೆ. "ನಿಮ್ಮನ್ನು ಹೊರಗೆ ಕಳಿಸಬೇಕಾಗುತ್ತದೆ."

"ಗೊತ್ತು ಮೇಡಂ. ನಿಮಗೂ ಸಾರಿ."

ನಮ್ಮ ಕಡೆ ಆ ದಿನ ಸರಿಯಾಗಿ ಒಂಬತ್ತೇ ಜನ. ಒಬ್ಬರು ಹೊರಹೋದರೆ ಪಂದ್ಯ ಎದುರು ತಂಡದ ಪಾಲು. ಇದನ್ನು ಬಲ್ಲ ಕ್ಯಾಪ್ಟನ್ನರು ಸಂತೋಷದಿಂದ, "ಬನ್ನಿ, ಬನ್ನಿ, ಹೊಡೀರಿ. ಅತ್ತೆ ಮಾವ ವಾಪಸ್ ಹೋದ್ರು," ಎಂದು ಬ್ಯಾಟು ಕೆಳಗಿಳಿಸಿ, ಭುಜ ತಿರುಗಿಸಿ, ಕಣ್ಣು ಮುಚ್ಚಿ ನಿಂತರು.

ಚೆಂಡು ಬಂತು. ಪ್ಲೇಟಿನ ನಟ್ಟನಡುವೆ, ಸೊಂಟದ ಎತ್ತರದಲ್ಲಿ, ದಾರ ಹಿಡಿದು ಎಳೆದಂತೆ ಬಂದು ನನ್ನ ಗಂಡನ ಗ್ಲೌಸಿನಲ್ಲಿ ಕುಳಿತಿತು. ಅಂಥ ಚೆಂಡಿಗೆ ಬ್ಯಾಟು ಬೀಸದೆ ನಿಂತರೆ ಸ್ಟ್ರೈಕ್; ಮೂರು ಸ್ಟ್ರೈಕಿಗೆ ಔಟು.

"ಸ್ಟ್ರೈಕ್," ಎಂದೆ. ನನ್ನ ದನಿಯನ್ನು ನನಗೇ ನಂಬಲಾಗಲಿಲ್ಲ.

ಕ್ಯಾಪ್ಟನ್ನರು ಒಂದು ಕಣ್ಣು ತೆರೆದರು. "ಏನ್ರೀ, ಹೊಡೀತೀನಿ ಅಂದ್ರಲ್ಲ?"

"ಸಾರಿ ಸಾರ್. ಇನ್ನೊಂದು ಸಲ ಟ್ರೈ ಮಾಡ್ತೀನಿ."

ಎರಡನೆಯದೂ ಅಲ್ಲಿಗೇ ಬಂತು. "ಇವನು ಹುಟ್ಟಿದಾಗಿನಿಂದ ಇಂಥ ಬಾಲ್ ಹಾಕಿಲ್ಲ," ಎಂದು ನನ್ನ ಗಂಡ ಪಿಸುಗುಟ್ಟಿದರು. ಕ್ಯಾಪ್ಟನ್ನರು ಪ್ಲೇಟಿಗೆ ಇನ್ನಷ್ಟು ಹತ್ತಿರ ಸರಿದು, "ಸರಿಯಾಗಿ ನೋಡಿ ಹೊಡೀರಿ, ಇಲ್ಲಿ, ಇಲ್ಲಿ," ಎಂದು ಸೊಂಟ ತಟ್ಟಿ ತೋರಿಸಿದರು. ನಮ್ಮ ಪಿಚರ್ ಕಣ್ಣು ಕಿರಿದು ಮಾಡಿ, ಆ ಸೊಂಟವನ್ನೇ ದಿಟ್ಟಿಸಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಎಸೆದರು. ಮೂರನೆಯ ಸ್ಟ್ರೈಕು. ಔಟು.

"ಇದು ಮೋಸ ಮೇಡಂ!" ಕ್ಯಾಪ್ಟನ್ನರು ಹೆಲ್ಮೆಟ್ಟು ಕಿತ್ತು ನೆಲಕ್ಕೆ ಹೊಡೆದರು. "ಹೊಡೀತೀನಿ ಅಂತ ನಂಬಿಸಿ ಔಟ್ ಮಾಡಿದ್ದಾನೆ! ಬೇಕಂತಲೇ ಎಸೆದಿದ್ದು ಅಂತ ಅವನೇ ಒಪ್ಕೊಂಡಿದ್ದಾನೆ, ಕಳಿಸಿ ಅವನನ್ನ ಹೊರಗೆ!"

ಎರಡೂ ಕಡೆಯ ಬೆಂಚು ಖಾಲಿಯಾಯಿತು. ಎದೆಗೆ ಎದೆ ಹತ್ತಿರವಾಯಿತು. ಬೇಲಿಯ ಹಿಂದೆ ಅಧಿಕಾರಿ ಎದ್ದು ನಿಂತರು. ಮೈದಾನ ನನ್ನ ಕಣ್ಣೆದುರಿಗೇ ಕೈಬಿಟ್ಟುಹೋಗುತ್ತಿತ್ತು. ಬೇಕೆಂದು ಎಸೆದಾಗ ಅಂಪೈರು ಕೂಡಲೇ ಹೊರಗೆ ಕಳಿಸಬಹುದು, ಅಥವಾ ಎರಡೂ ತಂಡಗಳಿಗೆ ಎಚ್ಚರಿಕೆ ಕೊಡಬಹುದು ಎಂಬುದು ನೆನಪಾಯಿತು. ನಡುವೆ ನುಗ್ಗಿ ಎಚ್ಚರಿಕೆ ಕೊಟ್ಟೆ: ಇನ್ನು ಯಾರು ಬೇಕೆಂದು ಮೈಗೆ ಎಸೆದರೂ ಆ ಕ್ಷಣವೇ ಹೊರಗೆ. ಗೊಣಗುತ್ತ ಹಿಂದೆ ಸರಿದರು.

ಮುಂದಿನ ಬ್ಯಾಟರ್, ಮೊಣಕೈ ಚಾಚುತ್ತಿದ್ದವರು. ಈಗ ಅವರಿಗೂ ಹೆದರಿಕೆ. ಕೈಕಾಲು ಒಳಗೆಳೆದುಕೊಂಡು ನಿಂತರು. ನಮ್ಮ ಪಿಚರ್‌ಗೆ ಅದಕ್ಕಿಂತ ಹೆದರಿಕೆ. ಹಣೆ ಒರೆಸಿಕೊಂಡು, ಮನಸ್ಸಿನಲ್ಲಿ ಯಾರನ್ನೋ ನೆನೆದು, ಗ್ಲೌಸಿಗೆ ಮಾತ್ರ ಗುರಿಯಿಟ್ಟು, ಬಹಳ ಜೋಪಾನವಾಗಿ ಎಸೆದರು. ಚೆಂಡು ನೇರವಾಗಿ ಆ ಬಡಪಾಯಿಯ ಸೊಂಟಕ್ಕೆ ಬಡಿಯಿತು.

ಎದುರು ತಂಡದವರೆಲ್ಲ ಒಟ್ಟಿಗೆ, "ಔಟ್! ಕಳಿಸಿ! ಈಗ ತಾನೇ ಹೇಳಿದ್ರಲ್ಲ!" ಎಂದು ನುಗ್ಗಿದರು. ನಮ್ಮವರೂ ನುಗ್ಗಿದರು. ಅಧಿಕಾರಿ ಗೇಟು ತೆರೆದು ಒಳಗೆ ಬರತೊಡಗಿದರು. ನಾನು ಅಂಪೈರಿನ ಜಾಲರಿ ಮುಖವಾಡ ತೆಗೆದು ಕ್ಯಾಪ್ಟನ್ನರನ್ನು ಹೆಸರು ಹಿಡಿದು ಕರೆದೆ.

"ನಿಮಗೆ ಹೊಡೆಯಬೇಕೆಂದು ಇವರು ಮೂರು ಸಲ ಎಸೆದರು. ತಾಗಿತೇ?"

"ಇಲ್ಲ. ಆದ್ರೆ..."

"ಮೊದಲ ಶನಿವಾರ ನಿಮಗೆ ತಾಗಿತಲ್ಲ, ಆಗ ಎಲ್ಲಿಗೆ ಎಸೆದಿದ್ದರು?"

"ಗ್ಲೌಸಿಗೆ."

"ಹಾಗಾದರೆ ಇವರು ಬೇಕೆಂದು ಎಸೆದರೆ ತಾಗುವುದಿಲ್ಲ. ಈಗ ತಾಗಿದೆ. ಆದ್ದರಿಂದ ಬೇಕೆಂದು ಎಸೆದದ್ದಲ್ಲ. ಫಸ್ಟ್ ಬೇಸ್."

ಸೊಂಟ ಉಜ್ಜಿಕೊಳ್ಳುತ್ತಿದ್ದವರು ಮೊದಲು ನಕ್ಕರು. "ಲಾಜಿಕ್ ಕರೆಕ್ಟಾಗೇ ಇದೆ ಕಣ್ರೋ," ಎಂದು ಕುಂಟುತ್ತ ಬೇಸಿಗೆ ಹೊರಟರು. ಕ್ಯಾಪ್ಟನ್ನರು ನಗಬಾರದೆಂದು ತುಂಬ ಪ್ರಯತ್ನಪಟ್ಟು ಸೋತರು. ಅಧಿಕಾರಿ ಹತ್ತಿರ ಬರುವ ಹೊತ್ತಿಗೆ ಹದಿನೆಂಟು ಜನ ಒಬ್ಬರ ಹೆಗಲಿಗೊಬ್ಬರು ಒರಗಿ ನಗುತ್ತಿದ್ದರು. ಏನು ತೀರ್ಪು ಕೊಟ್ಟಿರಿ ಎಂದು ಕೇಳಿದರು. ವಿವರಿಸಿದೆ. ಅವರು ನಮ್ಮ ಪಿಚರ್‌ನನ್ನು ಒಂದು ಗಳಿಗೆ ನೋಡಿ, "ಮುಂದಿನ ವರ್ಷ ಎಲ್ಲರಿಗೂ ಹೊಡೆಯಲು ಇವರಿಗೆ ಹೇಳಿ, ಯಾರಿಗೂ ಗಾಯವಾಗುವುದಿಲ್ಲ," ಎಂದು ಗಾಡಿ ಹತ್ತಿದರು. ಮೈದಾನ ಉಳಿಯಿತು.

ಮರುದಿನ ಕಾಫಿ ಕುಡಿಯುತ್ತ ನಿಯಮಪುಸ್ತಕ ತೆರೆದು ಆ ಪುಟವನ್ನು ನಿಧಾನವಾಗಿ ಓದಿದೆ. ಅದು ನಿಷೇಧಿಸುವುದು ಬ್ಯಾಟರ್‌ನ ಮೈಗೆ ಗುರಿಯಿಟ್ಟು ಬೇಕೆಂದು ಎಸೆಯುವುದನ್ನು. ಚೆಂಡು ತಾಗಿರಬೇಕೆಂದು ಅಲ್ಲಿ ಒಂದು ಪದವೂ ಇಲ್ಲ. ಅಂದರೆ ಸೊಂಟಕ್ಕೆ ಬಡಿದ ಚೆಂಡು ನಿರ್ದೋಷಿ. ಆ ವರ್ಷವೆಲ್ಲ ನಮ್ಮ ಪಿಚರ್ ಎಸೆದ ಸರಿಯಾದ ಚೆಂಡುಗಳು ಮೂರೇ ಮೂರು, ಆ ಮೂರೂ ನಿಯಮಬಾಹಿರ.